ವಾಹನದಲ್ಲಿ ಉಪಗ್ರಹ ಪಥದರ್ಶನ: ಉದ್ಯಮಿಗಳು ಆಯ್ಕೆ ಮಾಡಬೇಕಾದ ಬಗೆ

ಸರಕನ್ನು ತಯಾರಿಸುವ ಹಂತದಲ್ಲಿ ಉದ್ಯಮಿಗಳು ಪೈಸೆ ಪೈಸೆಗೂ ಲೆಕ್ಕವಿಡುತ್ತಾರೆ. ಆದರೆ ಅದೇ ಸರಕು ಕಾರ್ಖಾನೆಯ ಬಾಗಿಲನ್ನು ದಾಟಿದ ಮೇಲೆ ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನು ಬಹುತೇಕ ಸಂದರ್ಭಗಳಲ್ಲಿ ಚಾಲಕನ ಅನುಭವಕ್ಕೋ ಆತನ ಜೇಬಿನಲ್ಲಿರುವ ಮೊಬೈಲಿಗೋ ಬಿಟ್ಟುಬಿಡಲಾಗುತ್ತದೆ. ಒಂದು ಸಣ್ಣ ಲೆಕ್ಕವನ್ನು ನೋಡೋಣ. ದಿನಕ್ಕೆ ಕೇವಲ 6 ಕಿ.ಮೀ. ಸುತ್ತುಬಳಸಿ ಓಡುವ ಒಂದು ವ್ಯಾನ್, ವರ್ಷದ 300 ಕೆಲಸದ ದಿನಗಳಲ್ಲಿ 1,800 ಕಿ.ಮೀ. ಹೆಚ್ಚಾಗಿ ಓಡುತ್ತದೆ. ಲೀಟರಿಗೆ 12 ಕಿ.ಮೀ. ಎಂದು ಹಿಡಿದರೂ 150 ಲೀಟರ್ ಇಂಧನ ವ್ಯರ್ಥ. ಟೈರಿನ ಸವೆತ, ಚಾಲಕನ ವೇಳೆ, ಗಿರಾಕಿಯ ಬೇಸರ ಇವೆಲ್ಲ ಈ ಲೆಕ್ಕದ ಹೊರಗೇ ಉಳಿದವು.

ಈ ನಷ್ಟವನ್ನು ತಡೆಯಲು ಉಪಗ್ರಹ ಪಥದರ್ಶನ ವ್ಯವಸ್ಥೆಯು ನೆರವಾಗಬಲ್ಲದು. ಆದರೆ ಅದನ್ನು ಆರಿಸುವಾಗ ಅನೇಕರು ಮೊದಲು ಸಾಧನದ ಹೆಸರನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ಆಯ್ಕೆಯ ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಮೊದಲು ನಮ್ಮ ದಾರಿಗಳು, ಬಳಿಕ ನಕ್ಷೆ, ಆನಂತರ ತಂತ್ರಾಂಶ, ಕಟ್ಟಕಡೆಗೆ ಸಾಧನ.

1. ವ್ಯವಸ್ಥೆಯ ನಾಲ್ಕು ಅಂಗಗಳು

ಪಥದರ್ಶಕ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವ ಏರ್ಪಾಡಿನಲ್ಲಿ ನಾಲ್ಕು ಬೇರೆ ಬೇರೆ ಅಂಗಗಳಿವೆ. ಒಂದು, ಉಪಗ್ರಹಗಳ ಸಂಕೇತವನ್ನು ಹಿಡಿದು ಸ್ಥಾನವನ್ನು ಗುಣಿಸುವ ರಿಸೀವರ್. ಎರಡು, ರಸ್ತೆಗಳ ಹಾಗೂ ಸ್ಥಳಗಳ ಮಾಹಿತಿಯನ್ನು ಒಳಗೊಂಡ ನಕ್ಷೆ. ಮೂರು, ಆ ನಕ್ಷೆಯ ಮೇಲೆ ದಾರಿಯನ್ನು ಹುಡುಕಿ ಚಾಲಕನಿಗೆ ಹೇಳುವ ತಂತ್ರಾಂಶ. ನಾಲ್ಕು, ಸಾಧನವನ್ನು ವಾಹನದಲ್ಲಿ ಭದ್ರವಾಗಿ ನಿಲ್ಲಿಸುವ ಹಿಡಿಕೆ ಮತ್ತು ಅದಕ್ಕೆ ವಿದ್ಯುತ್ ಒದಗಿಸುವ ಚಾರ್ಜರ್.

ಇವುಗಳಲ್ಲಿ ಯಾವುದು ದುರ್ಬಲವೋ ಇಡೀ ವ್ಯವಸ್ಥೆಯ ಯೋಗ್ಯತೆ ಅಷ್ಟೇ. ದುಬಾರಿ ಮೊಬೈಲಿನಲ್ಲಿ ಹಳೆಯ ನಕ್ಷೆ ಇದ್ದರೆ ದಾರಿ ತಪ್ಪುತ್ತದೆ. ಒಳ್ಳೆಯ ನಕ್ಷೆಯಿದ್ದೂ ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ಫಲವಿಲ್ಲ. ಆದುದರಿಂದ ಈ ನಾಲ್ಕನ್ನೂ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು.

2. ಉಪಗ್ರಹವು ತಿಳಿಸುವುದು ಸ್ಥಾನವನ್ನು ಮಾತ್ರ

ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ನಿಖರವಾದ ಸಮಯವನ್ನೂ ತಮ್ಮ ಕಕ್ಷೆಯ ವಿವರವನ್ನೂ ನಿರಂತರವಾಗಿ ಬಿತ್ತರಿಸುತ್ತವೆ. ಸಂಕೇತ ತಲುಪಲು ಹಿಡಿದ ಕಾಲದಿಂದ ರಿಸೀವರ್ ತನಗೂ ಉಪಗ್ರಹಕ್ಕೂ ಇರುವ ದೂರವನ್ನು ಗುಣಿಸುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಸಮಯ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ರಿಸೀವರಿನ ಅಗ್ಗದ ಗಡಿಯಾರದ ಈ ದೋಷವನ್ನೂ ಸರಿಪಡಿಸಿಕೊಳ್ಳಬೇಕಾಗಿರುವುದರಿಂದಲೇ ಸ್ಥಾನ ನಿರ್ಣಯಕ್ಕೆ ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು.

2000ದ ಮೇ ತಿಂಗಳವರೆಗೆ ನಾಗರಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಅಮೆರಿಕ ಸರಕಾರವು ಉದ್ದೇಶಪೂರ್ವಕವಾಗಿ ಕಲಬೆರಕೆಗೊಳಿಸುತ್ತಿತ್ತು. ಆಗ ನೂರು ಮೀಟರಿನವರೆಗೂ ತಪ್ಪಾಗುತ್ತಿತ್ತು. ಆ ಕ್ರಮವನ್ನು ಕೈಬಿಟ್ಟ ಮೇಲೆಯೇ ವಾಹನಗಳಲ್ಲಿ ಪಥದರ್ಶನವು ವ್ಯಾಪಕವಾಗಲು ಸಾಧ್ಯವಾಯಿತು. ಇಂದಿನ ಮೊಬೈಲ್, ಬಯಲಿನಲ್ಲಿ ಸುಮಾರು 5 ಮೀಟರಿನ ಒಳಗೆ ಸ್ಥಾನವನ್ನು ಹೇಳಬಲ್ಲದು. ಎತ್ತರದ ಕಟ್ಟಡಗಳ ನಡುವೆ ಸಂಕೇತವು ಗೋಡೆಗಳಿಗೆ ತಗುಲಿ ಪ್ರತಿಫಲಿಸಿ ಬರುವುದರಿಂದ ಈ ನಿಖರತೆ ಕುಗ್ಗುತ್ತದೆ. ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳನ್ನೂ ಗ್ರಹಿಸುವ ಮೊಬೈಲ್‌ಗಳು 2018ರಿಂದ ಮಾರುಕಟ್ಟೆಗೆ ಬಂದಿದ್ದು, ನಗರದೊಳಗೆ ಇವು ಮೇಲು. ಖರೀದಿಸುವಾಗ ಈ ಒಂದು ಗುಣವನ್ನು ಕೇಳಿ ತಿಳಿಯುವುದು ಒಳ್ಳೆಯದು.

ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಸಂಚಾಲನಾ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. 2013ರಿಂದ 2016ರವರೆಗೆ ಅದರ ಮೊದಲ ಏಳು ಉಪಗ್ರಹಗಳನ್ನು ಹಾರಿಸಲಾಯಿತು. ಆ ಪೈಕಿ ಕೆಲವುಗಳ ಪರಮಾಣು ಗಡಿಯಾರಗಳು ಕೆಟ್ಟಿದ್ದರಿಂದ ಬದಲಿ ಉಪಗ್ರಹಗಳನ್ನು ಕಳುಹಿಸಬೇಕಾಗಿ ಬಂತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶೀಯವಾಗಿ ತಯಾರಾದ ಪರಮಾಣು ಗಡಿಯಾರವಿದೆ. ಇಂದಿನ ರಿಸೀವರ್‌ಗಳು ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಮುಂತಾದ ಹಲವು ವ್ಯವಸ್ಥೆಗಳನ್ನು ಒಟ್ಟಿಗೇ ಬಳಸುತ್ತವೆ. ನಾವಿಕ್ ಇದ್ದರೆ ಅನುಕೂಲವೇ ಹೊರತು, ಅದೊಂದನ್ನೇ ನೋಡಿ ಸಾಧನವನ್ನು ಆರಿಸಬೇಕಾಗಿಲ್ಲ.

ಮನನ ಮಾಡಿಕೊಳ್ಳಬೇಕಾದ ಅಂಶವೆಂದರೆ, ಇಷ್ಟೆಲ್ಲ ಮಾಡಿಯೂ ಉಪಗ್ರಹಗಳು ಹೇಳುವುದು ‘ನೀವು ಇಲ್ಲಿದ್ದೀರಿ’ ಎಂಬುದನ್ನಷ್ಟೇ. ಮುಂದಿನ ರಸ್ತೆ ಇದೆಯೋ ಇಲ್ಲವೋ, ಅದರಲ್ಲಿ ಲಾರಿ ಹೋಗಬಹುದೋ ಇಲ್ಲವೋ ಎಂಬುದು ಅವುಗಳಿಗೆ ತಿಳಿಯದು.

3. ಮೂರು ಬಗೆಯ ಏರ್ಪಾಡುಗಳು

ಈ ಶತಮಾನದ ಆರಂಭದಲ್ಲಿ ಅಂಗೈ ಗಣಕಕ್ಕೆ ಪ್ರತ್ಯೇಕ ಬ್ಲೂಟೂತ್ ರಿಸೀವರನ್ನು ಜೋಡಿಸಿ, ನಕ್ಷೆಯನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿ ಬಳಸುವ ಪದ್ಧತಿ ಇತ್ತು. ಬಳಿಕ ಎಲ್ಲವೂ ಒಂದರಲ್ಲೇ ಅಡಕವಾದ ಪಥದರ್ಶಕ ಪೆಟ್ಟಿಗೆಗಳು ಬಂದವು. 2009ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆ ಅಮೆರಿಕದಲ್ಲಿ ಮೊಬೈಲ್ ಪಥದರ್ಶನವನ್ನು ಉಚಿತವಾಗಿ ನೀಡಲಾರಂಭಿಸಿತು. 2010ರ ಜನವರಿಯಲ್ಲಿ ನೋಕಿಯಾ ಸಹ ಅದೇ ಹಾದಿ ಹಿಡಿಯಿತು. ಅಲ್ಲಿಂದ ಪ್ರತ್ಯೇಕ ಪೆಟ್ಟಿಗೆಗಳ ಮಾರುಕಟ್ಟೆ ಕುಗ್ಗುತ್ತ ಬಂದಿದೆ. ಇಂದು ನಮ್ಮ ಮುಂದಿರುವ ಆಯ್ಕೆಗಳು ಮೂರು.

ಅ) ಮೊಬೈಲ್: ಹೆಚ್ಚಿನ ಸಣ್ಣ ಉದ್ಯಮಗಳಿಗೆ ಇದೇ ಸಾಕು. ನಕ್ಷೆ ಹೊಸದಾಗುತ್ತಿರುತ್ತದೆ, ಸಂಚಾರ ದಟ್ಟಣೆ ತಿಳಿಯುತ್ತದೆ, ಕನ್ನಡದಲ್ಲಿ ಧ್ವನಿ ಸೂಚನೆಯೂ ದೊರೆಯುತ್ತದೆ. ಚಾಲಕನ ಸ್ವಂತ ಮೊಬೈಲಿನ ಬದಲು ವಾಹನಕ್ಕೆಂದೇ ಒಂದು ಮೊಬೈಲನ್ನು ಇಡುವುದು ಲೇಸು. ಕರೆ ಬಂದಾಗ ನಕ್ಷೆ ಮರೆಯಾಗುವುದು, ಚಾಲಕ ಬದಲಾದಾಗ ಉಳಿಸಿಟ್ಟ ವಿಳಾಸಗಳೂ ಕಾಣೆಯಾಗುವುದು ಇದರಿಂದ ತಪ್ಪುತ್ತದೆ. ಕಚೇರಿಯಲ್ಲಿ ಬಳಕೆ ತಪ್ಪಿದ ಎರಡು ಮೂರು ವರ್ಷದ ಹಳೆಯ ಮೊಬೈಲಾದರೂ ನಡೆದೀತು, ಬ್ಯಾಟರಿ ಉಬ್ಬಿರಬಾರದು. ಟ್ಯಾಬ್ಲೆಟ್ ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು: ಸಿಮ್ ಇಲ್ಲದ, ವೈ-ಫೈ ಮಾತ್ರವಿರುವ ಹಲವು ಟ್ಯಾಬ್ಲೆಟ್‌ಗಳಲ್ಲಿ ಉಪಗ್ರಹ ರಿಸೀವರ್ ಇರುವುದೇ ಇಲ್ಲ.

ಆ) ಕಾರಿನ ಪರದೆ: ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಇರುವ ಕಾರಿನಲ್ಲಿ ಮೊಬೈಲಿನ ನಕ್ಷೆಯೇ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಮಾರಾಟ ಪ್ರತಿನಿಧಿಗಳ ಕಾರಿಗೆ ಇದು ಅತ್ಯುತ್ತಮ. ಕಾರಿನೊಳಗೇ ಅಡಕವಾದ ನಕ್ಷೆಯಿದ್ದರೆ, ಅದನ್ನು ನವೀಕರಿಸುವ ಕ್ರಮವೇನು, ಎಷ್ಟು ವರ್ಷ ಉಚಿತ ಎಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯತಕ್ಕದ್ದು.

ಇ) ಪ್ರತ್ಯೇಕ ಪಥದರ್ಶಕ: ಮೊಬೈಲ್ ಜಾಲವನ್ನು ನೆಚ್ಚದೆ ಕೆಲಸ ಮಾಡುವುದು ಇದರ ಹೆಚ್ಚುಗಾರಿಕೆ. ಆದರೆ ನಕ್ಷೆಯ ನವೀಕರಣ ನಿಂತರೆ ಇದು ನಿರುಪಯುಕ್ತ. ಹಳೆಯ ಸಾಧನವನ್ನು ಅಗ್ಗವೆಂದು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಜಿಪಿಎಸ್ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1,024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹೀಗಾದಾಗ, ತಂತ್ರಾಂಶ ನವೀಕರಣಗೊಳ್ಳದ ಕೆಲವು ಹಳೆಯ ಸಾಧನಗಳು ದಿನಾಂಕ ತಪ್ಪಿ ಕೆಟ್ಟವು.

4. ನಕ್ಷೆಯೇ ಆಯ್ಕೆಯ ತಿರುಳು

ನಕ್ಷೆಯನ್ನು ಪರೀಕ್ಷಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ನಕ್ಷೆಗೆ ನಮ್ಮ ವಾಹನದ ಜಾತಿ ತಿಳಿದಿದೆಯೇ? ಸಾಮಾನ್ಯವಾಗಿ ಬಳಕೆಯಲ್ಲಿರುವ ತಂತ್ರಾಂಶಗಳು ಕಾರು ಮತ್ತು ದ್ವಿಚಕ್ರ ವಾಹನಗಳನ್ನು ಗಮನದಲ್ಲಿಟ್ಟು ರೂಪುಗೊಂಡಿವೆ. ಗೂಗಲ್ ನಕ್ಷೆಯಲ್ಲಿ ಲಾರಿಗೆಂದು ಪ್ರತ್ಯೇಕ ಆಯ್ಕೆಯಿಲ್ಲ. ಇದರ ಪರಿಣಾಮವನ್ನು ಪೀಣ್ಯದ ಉದ್ಯಮಿಗಳು ಚೆನ್ನಾಗಿ ಬಲ್ಲರು. ತುಮಕೂರು ರಸ್ತೆಯ ಪೀಣ್ಯ ಮೇಲುಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆಯಿತು; ಭಾರೀ ವಾಹನಗಳು 2024ರ ಜುಲೈವರೆಗೆ ಕಾಯಬೇಕಾಯಿತು. ಆ ಎರಡೂವರೆ ವರ್ಷ ಒಂದೇ ಸೇತುವೆ ಕಾರಿಗೆ ದಾರಿ, ಲಾರಿಗೆ ಗೋಡೆಯಾಗಿತ್ತು. ಕಾರಿನ ದಾರಿಯನ್ನು ತೋರುವ ತಂತ್ರಾಂಶವನ್ನು ನಂಬಿ ಲಾರಿಯನ್ನು ಕಳುಹಿಸಿದರೆ ಹೇಗೆ ಪೇಚಾಟವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಂತಹುದೇ ಇನ್ನೊಂದು ನಿರ್ಬಂಧ ಬೆಂಗಳೂರು–ಮೈಸೂರು ಹೆದ್ದಾರಿಯದು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ತ್ರಿಚಕ್ರ ವಾಹನ, ಟ್ರ್ಯಾಕ್ಟರ್ ಮುಂತಾದವುಗಳಿಗೆ ಪ್ರವೇಶವಿಲ್ಲ. ಸರಕಿನ ಆಟೊದಲ್ಲಿ ಬಿಡದಿಗೋ ರಾಮನಗರಕ್ಕೋ ಮಾಲು ಕಳುಹಿಸುವವರು ಸರ್ವಿಸ್ ರಸ್ತೆಯ ದಾರಿಯನ್ನೇ ಹಾಕಿಕೊಡಬೇಕು. ವಾಹನದ ಎತ್ತರ, ತೂಕಗಳನ್ನು ನಮೂದಿಸಲು ಅವಕಾಶವಿರುವ ಓಸ್ಮ್‌ಆ್ಯಂಡ್‌ನಂತಹ ತಂತ್ರಾಂಶಗಳೂ ಇವೆ. ಆದರೆ ಆಯಾ ರಸ್ತೆಯ ನಿರ್ಬಂಧವನ್ನು ಯಾರಾದರೂ ನಕ್ಷೆಯಲ್ಲಿ ದಾಖಲಿಸಿದ್ದರೆ ಮಾತ್ರ ಅವು ಪ್ರಯೋಜನಕ್ಕೆ ಬರುತ್ತವೆ. ರೈಲ್ವೆ ಕೆಳಸೇತುವೆಯ ಎತ್ತರದ ಕಂಬಿಯನ್ನು ನಕ್ಷೆಯಲ್ಲಿ ಕಾಣದಿದ್ದರೆ ಅಲ್ಲಿ ಕಂಬಿಯೇ ಇಲ್ಲ ಎಂದು ಭಾವಿಸಬಾರದು.

ಎರಡನೆಯದು: ವೇಳೆಗೆ ತಕ್ಕ ನಿಷೇಧಗಳನ್ನು ಅದು ಬಲ್ಲದೇ? ಬಂಡೀಪುರ ಅರಣ್ಯದ ಮೂಲಕ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರ ನಿಷಿದ್ಧ. ಮಧ್ಯಾಹ್ನ ಕೇಳಿದಾಗ ಸರಿಯಾಗಿದ್ದ ದಾರಿ, ಮೈಸೂರಿನಲ್ಲಿ ಮಾಲು ಇಳಿಸುವುದು ತಡವಾದರೆ ಗುಂಡ್ಲುಪೇಟೆಯ ಆಚೆಗೆ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ ಘಾಟಿಗಳಲ್ಲಿ ಭೂಕುಸಿತದ ಕಾರಣ ಜಿಲ್ಲಾಡಳಿತಗಳು ಭಾರೀ ವಾಹನಗಳನ್ನು ಆಗಾಗ ತಡೆಯುವುದುಂಟು. ನಗರಗಳೊಳಗೆ ಸರಕು ವಾಹನಗಳಿಗೆ ದಟ್ಟಣೆಯ ಹೊತ್ತಿನಲ್ಲಿ ಪ್ರವೇಶ ನಿರ್ಬಂಧವಿರುತ್ತದೆ. ಇವುಗಳನ್ನು ಯಂತ್ರವು ತಿಳಿಸುತ್ತದೆ ಎಂದು ನೆಚ್ಚದೆ, ಕಚೇರಿಯಲ್ಲಿ ಒಂದು ಪಟ್ಟಿಯನ್ನು ಇಟ್ಟುಕೊಳ್ಳುವುದು ಕ್ಷೇಮ.

ಮೂರನೆಯದು: ಜಾಲವಿಲ್ಲದೆಡೆ ಅದು ಕೆಲಸ ಮಾಡುತ್ತದೆಯೇ? ರಿಸೀವರಿಗೆ ಮೊಬೈಲ್ ಜಾಲ ಬೇಕಿಲ್ಲ. ಆದರೆ ಜಾಲದಿಂದ ಆಗಾಗ ಇಳಿಸಿಕೊಳ್ಳುವ ನಕ್ಷೆಗೆ ಬೇಕು. ಘಾಟಿಯ ನಡುವೆ ಪರದೆಯ ಮೇಲೆ ನೀಲಿ ಚುಕ್ಕೆ ಮಾತ್ರ ಉಳಿದು, ಸುತ್ತಲಿನ ರಸ್ತೆಗಳೆಲ್ಲ ಮಾಯವಾಗುವುದು ಇದೇ ಕಾರಣಕ್ಕೆ. ಗೂಗಲ್ ನಕ್ಷೆಯಲ್ಲಿ ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಟ್ಟುಕೊಂಡು ಜಾಲವಿಲ್ಲದೆಯೂ ಪಥದರ್ಶನ ಪಡೆಯುವ ಅವಕಾಶ 2015ರಿಂದ ಇದೆ. ಆದರೆ ಹಾಗೆ ಬಳಸುವಾಗ ಸಂಚಾರ ದಟ್ಟಣೆಯ ಮಾಹಿತಿ ದೊರೆಯದು. ಇಳಿಸಿಟ್ಟ ನಕ್ಷೆಯನ್ನು ಕಾಲಕಾಲಕ್ಕೆ ಹೊಸದಾಗಿಸಬೇಕು. 2004ರಲ್ಲಿ ಆರಂಭವಾದ, ಸ್ವಯಂಸೇವಕರು ರಚಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಆಧರಿಸಿದ ತಂತ್ರಾಂಶಗಳಲ್ಲಿ ಇಡೀ ರಾಜ್ಯದ ನಕ್ಷೆಯನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳಬಹುದು. ಮ್ಯಾಪ್‌ಮೈಇಂಡಿಯಾ ಸಂಸ್ಥೆಯ ಮ್ಯಾಪಲ್ಸ್ ನಮ್ಮ ದೇಶದ್ದೇ ಆದ ಇನ್ನೊಂದು ಆಯ್ಕೆ. ಒಂದು ಮುಖ್ಯ ತಂತ್ರಾಂಶದೊಡನೆ ಜಾಲವಿಲ್ಲದೆ ನಡೆಯುವ ಇನ್ನೊಂದನ್ನು ಇಟ್ಟುಕೊಂಡರೆ ಎರಡೂ ಕಡೆಯ ಅನುಕೂಲ ಸಿಗುತ್ತದೆ.

ನಾಲ್ಕನೆಯದು: ಮೇಲುರಸ್ತೆ, ಕೆಳರಸ್ತೆಗಳ ಭೇದ ಅದಕ್ಕೆ ತಿಳಿಯುತ್ತದೆಯೇ? ಉಪಗ್ರಹದಿಂದ ದೊರೆಯುವ ಎತ್ತರದ ಅಳತೆಯಲ್ಲಿ ಅಡ್ಡಳತೆಗಿಂತ ಹೆಚ್ಚು ದೋಷವಿರುತ್ತದೆ. ಹೊಸೂರು ರಸ್ತೆಯಲ್ಲಿ 2010ರಲ್ಲಿ ತೆರೆದ ಸುಮಾರು 10 ಕಿ.ಮೀ. ಉದ್ದದ ಎಲೆಕ್ಟ್ರಾನಿಕ್ಸ್ ಸಿಟಿ ಮೇಲುರಸ್ತೆಯೂ ಅದರ ಕೆಳಗಿನ ರಸ್ತೆಯೂ ನಕ್ಷೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಕೂಡ್ಲು ಗೇಟಿನಲ್ಲಿ ಮಾಲು ಇಳಿಸಬೇಕಾದ ವಾಹನ ತಪ್ಪಿ ಮೇಲೇರಿದರೆ, ಶುಲ್ಕ ತೆತ್ತು ಕೊನೆಯವರೆಗೆ ಹೋಗಿ ಹಿಂದಿರುಗಬೇಕು. ಮೇಲುಸೇತುವೆ ಏರಬೇಕೋ ಬೇಡವೋ ಎಂಬ ಸೂಚನೆಯನ್ನು ಗೂಗಲ್ 2024ರಲ್ಲಿ ಭಾರತದ ಹಲವು ನಗರಗಳಲ್ಲಿ ಆರಂಭಿಸಿತು. ಇಂತಹ ಎರಡು ಮೂರು ಕಡೆ ನಿಮ್ಮ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿಯೇ ನಿರ್ಧರಿಸಿ.

ನಕ್ಷೆಯ ದೋಷ ಕೇವಲ ಇಂಧನದ ನಷ್ಟದಲ್ಲಿ ಮುಗಿಯುವುದಿಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಪಥದರ್ಶಕವನ್ನು ಅನುಸರಿಸಿ ಸಾಗುತ್ತಿತ್ತೆಂದು ವರದಿಯಾದ ಕಾರೊಂದು ತುದಿಯಿಲ್ಲದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಮೃತಪಟ್ಟರು. ಆ ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ರಸ್ತೆಗೂ ನಕ್ಷೆಗೂ ನಡುವೆ ಸದಾ ಒಂದಿಷ್ಟು ಕಾಲದ ಅಂತರವಿರುತ್ತದೆ. ಅಪರಿಚಿತ ದಾರಿಯಲ್ಲಿ, ಅದರಲ್ಲೂ ರಾತ್ರಿ ಮತ್ತು ಮಳೆಯಲ್ಲಿ, ಮುಖ್ಯ ರಸ್ತೆಯನ್ನು ಬಿಟ್ಟು ಒಳದಾರಿ ಹಿಡಿಯಬೇಡಿ ಎಂದು ಚಾಲಕನಿಗೆ ಮಾಲೀಕರೇ ಸ್ಪಷ್ಟವಾಗಿ ತಿಳಿಸಬೇಕು. ಕಾಲು ಗಂಟೆ ತಡವಾದರೆ ಯಾರೂ ಗದರಿಸುವುದಿಲ್ಲ ಎಂಬ ಭರವಸೆ ಆತನಿಗಿರಬೇಕು.

5. ಗಿರಾಕಿಯ ವಿಳಾಸವನ್ನು ದಾಖಲಿಸುವ ಕ್ರಮ

ದಾರಿ ತಪ್ಪುವುದರಲ್ಲಿ ಗಣನೀಯ ಪಾಲು ಕೊನೆಯ ಅರ್ಧ ಕಿಲೋಮೀಟರಿನದು. ಕೈಗಾರಿಕಾ ಪ್ರದೇಶಗಳಲ್ಲಿ ‘ಎರಡನೆಯ ಹಂತ, ನಾಲ್ಕನೆಯ ಅಡ್ಡರಸ್ತೆ’ ಎಂಬ ವಿಳಾಸ ಒಂದಕ್ಕಿಂತ ಹೆಚ್ಚು ಕಡೆ ಹೊಂದಿಕೆಯಾಗುತ್ತದೆ. ಕಂಪನಿಯ ಹೆಸರನ್ನು ಹುಡುಕಿದರೆ ಕಾರ್ಖಾನೆಯ ಬದಲು ಆಡಳಿತ ಕಚೇರಿ ಸಿಗಬಹುದು. ಕಾರ್ಖಾನೆಯೇ ಸಿಕ್ಕರೂ ಸರಕಿನ ಬಾಗಿಲು ಹಿಂಬದಿಯ ರಸ್ತೆಯಲ್ಲಿರಬಹುದು.

ಇದಕ್ಕೆ ಸರಳವಾದ ಪರಿಹಾರ ಅಕ್ಷಾಂಶ–ರೇಖಾಂಶಗಳನ್ನು ಬರೆದಿಡುವುದು. ಮೊದಲ ಸಲ ಮಾಲು ಇಳಿಸಿದಾಗ ಚಾಲಕನು ಸರಕಿನ ಬಾಗಿಲಿನ ಮುಂದೆಯೇ ನಿಂತು ಆ ಸ್ಥಾನವನ್ನು ಉಳಿಸಿ ಕಚೇರಿಗೆ ಕಳುಹಿಸಲಿ. ಅಂಕಿಗಳನ್ನು ದಶಮಾಂಶ ರೂಪದಲ್ಲಿ, ಐದು ಸ್ಥಾನಗಳವರೆಗೆ ಬರೆದುಕೊಳ್ಳಬೇಕು. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ.; ಮೂರನೆಯ ದಶಮಾಂಶ ಸ್ಥಾನ ಸುಮಾರು 111 ಮೀಟರನ್ನೂ ಐದನೆಯದು ಸುಮಾರು ಒಂದು ಮೀಟರನ್ನೂ ಸೂಚಿಸುತ್ತದೆ. ಅಂಚೆ ಇಲಾಖೆಯು 2025ರ ಮೇ 27ರಂದು ಪ್ರಕಟಿಸಿದ ಡಿಜಿಪಿನ್ ವ್ಯವಸ್ಥೆಯಲ್ಲಿ ದೇಶದ ಪ್ರತಿ ಸುಮಾರು 4 ಮೀಟರ್ ಉದ್ದಗಲದ ಚೌಕಕ್ಕೂ ಹತ್ತು ಅಕ್ಷರಾಂಕಗಳ ಒಂದು ಗುರುತಿದೆ. ಇದನ್ನೂ ಗಿರಾಕಿಯ ಖಾತೆಯಲ್ಲಿ ನಮೂದಿಸಿಕೊಳ್ಳಬಹುದು. ಹೀಗೆ ಕೂಡಿಸಿದ ಪಟ್ಟಿ ಉದ್ಯಮದ ಆಸ್ತಿ. ಸಾಧನ ಬದಲಾದರೂ ಚಾಲಕ ಬದಲಾದರೂ ಅದು ಉಳಿಯುತ್ತದೆ.

6. ಹಿಡಿಕೆ, ವಿದ್ಯುತ್ ಮತ್ತು ಕಾನೂನು

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನ ಪ್ರಕಾರ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದು ಅಪಾಯಕಾರಿ ಚಾಲನೆ ಎನಿಸುತ್ತದೆ. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿಗಳವರೆಗೆ ದಂಡವಿದೆ. ಕಾರಾಗೃಹ ಶಿಕ್ಷೆಗೂ ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ತಿಳಿಯುವುದಕ್ಕಾಗಿ ಮಾತ್ರ ಇಂತಹ ಸಾಧನವನ್ನು ಬಳಸಲು ಅನುಮತಿಸಿದೆ. ಆದುದರಿಂದ ಒಳ್ಳೆಯ ಹಿಡಿಕೆ ಅಲಂಕಾರದ ವಸ್ತುವಲ್ಲ. ಗುರಿಯನ್ನು ವಾಹನ ಹೊರಡುವ ಮೊದಲೇ ನಮೂದಿಸುವುದು, ದಾರಿಯುದ್ದಕ್ಕೂ ಧ್ವನಿ ಸೂಚನೆಯನ್ನು ಕೇಳುವುದು, ಬದಲಾವಣೆ ಬೇಕಾದರೆ ವಾಹನವನ್ನು ಬದಿಗೆ ನಿಲ್ಲಿಸುವುದು ಕಟ್ಟುನಿಟ್ಟಿನ ಪದ್ಧತಿಯಾಗಬೇಕು.

ಹಿಡಿಕೆಯು ಗಾಜಿನ ಮೂಲಕ ರಸ್ತೆ ಕಾಣುವುದಕ್ಕೆ ಅಡ್ಡಿಯಾಗದಂತೆ, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗವನ್ನು ಬಿಟ್ಟು, ಡ್ಯಾಶ್‌ಬೋರ್ಡಿನ ಮೇಲೆ ತಗ್ಗಿನಲ್ಲಿರಲಿ. ನೇರ ಬಿಸಿಲಿನಲ್ಲಿ, ಚಾರ್ಜ್ ಆಗುತ್ತ, ಪರದೆ ಬೆಳಗುತ್ತ ಇರುವ ಮೊಬೈಲ್ ಬೇಗನೆ ಕಾದು ತಾನಾಗಿ ಮಂಕಾಗುತ್ತದೆ ಅಥವಾ ನಿಂತುಬಿಡುತ್ತದೆ. ಕಾರಿನ ವಿದ್ಯುತ್ 12 ವೋಲ್ಟ್; ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಚಾರ್ಜರಿನ ಮೇಲೆ 12–24 ವೋಲ್ಟ್ ಎಂದು ಮುದ್ರಿತವಾಗಿರುವುದನ್ನು ನೋಡಿಯೇ ಕೊಳ್ಳಿ. ಗಾಜಿಗೆ ಲೋಹಾಂಶವುಳ್ಳ ಹಾಳೆ ಅಂಟಿಸಿದ್ದರೆ ಉಪಗ್ರಹದ ಸಂಕೇತ ಕ್ಷೀಣಿಸುತ್ತದೆ. ಮೊಬೈಲಿನ ಬ್ಯಾಟರಿ ಉಳಿತಾಯದ ಏರ್ಪಾಡು ಚಾಲೂ ಇದ್ದರೂ ಸ್ಥಾನ ಸೂಚನೆ ತಡವರಿಸಬಹುದು.

ಇನ್ನೊಂದು ಅನುಮಾನ ಹಲವರಲ್ಲಿದೆ: ಬೆಳಿಗ್ಗೆ ಮೊದಲ ಸಲ ಸ್ಥಾನ ತೋರಿಸಲು ಏಕೆ ತಡವಾಗುತ್ತದೆ? ಜಿಪಿಎಸ್ ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಒಮ್ಮೆ ಪೂರ್ತಿಯಾಗಿ ಕಳುಹಿಸಲು 30 ಸೆಕೆಂಡು ಬೇಕು. ಮೊಬೈಲಿನಲ್ಲಿ ಈ ವಿವರ ಜಾಲದ ಮೂಲಕ ಕೂಡಲೇ ದೊರೆಯುತ್ತದೆ. ಜಾಲವಿಲ್ಲದಿದ್ದರೆ ಬಯಲಿನಲ್ಲಿ ಒಂದೆರಡು ನಿಮಿಷ ನಿಲ್ಲಬೇಕು. ತಗಡಿನ ಗೋದಾಮಿನೊಳಗೆ ನಿಂತು ಸಾಧನವನ್ನು ದೂರಿ ಫಲವಿಲ್ಲ.

7. ಪಥದರ್ಶನ ಬೇರೆ, ವಾಹನದ ಜಾಡು ಬೇರೆ

ದಾರಿ ತೋರಿಸುವ ವ್ಯವಸ್ಥೆಯನ್ನೂ, ವಾಹನ ಎಲ್ಲಿದೆ ಎಂದು ಮಾಲೀಕರಿಗೆ ತಿಳಿಸುವ ವ್ಯವಸ್ಥೆಯನ್ನೂ ಒಂದೇ ಎಂದು ಭಾವಿಸಿ ಹಣ ಕಳೆದುಕೊಳ್ಳಬಾರದು. ಎಐಎಸ್-140 ಮಾನದಂಡದ ಸಾಧನವು ಸ್ಥಾನವನ್ನು ನಿಯಂತ್ರಣ ಕೇಂದ್ರಕ್ಕೆ ಕಳುಹಿಸುತ್ತದೆಯೇ ಹೊರತು ಚಾಲಕನಿಗೆ ದಾರಿ ಹೇಳುವುದಿಲ್ಲ. ಒಂದೆರಡು ವಾಹನಗಳಿರುವವರಿಗೆ ಚಾಲಕನ ಒಪ್ಪಿಗೆಯೊಡನೆ ಮೊಬೈಲಿನ ಸ್ಥಾನ ಹಂಚಿಕೆಯೇ ಸಾಕಾಗುತ್ತದೆ.

ಸರಕು ಸಾಗಣೆಗೆ ಸಂಬಂಧಿಸಿದಂತೆ ಇ-ವೇ ಬಿಲ್ಲಿನ ವಿಷಯವನ್ನೂ ಇಲ್ಲಿ ನೆನಪಿಡಬೇಕು. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದ ಮಾನ್ಯತೆ ಇದೆ. ಜಾಲತಾಣವು ಎರಡು ಪಿನ್ ಕೋಡ್‌ಗಳ ನಡುವಿನ ದೂರವನ್ನು ತಾನೇ ಲೆಕ್ಕ ಹಾಕುತ್ತದೆ; ಅದಕ್ಕಿಂತ ಶೇಕಡಾ 10ರವರೆಗೆ ಮಾತ್ರ ಹೆಚ್ಚಿಸಲು ಅವಕಾಶ. ಘಾಟಿ ಮುಚ್ಚಿ ವಾಹನ ಸುತ್ತುದಾರಿ ಹಿಡಿದರೆ ಈ ಅವಧಿ ಮೀರಬಹುದು. ಮಾನ್ಯತೆ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬೇಕು. ಪಥದರ್ಶಕದಲ್ಲಿ ತಲುಪುವ ವೇಳೆ ಮುಂದೆ ಮುಂದೆ ಹೋಗುತ್ತಿರುವುದನ್ನು ಕಂಡ ಚಾಲಕ ಕಚೇರಿಗೆ ಕೂಡಲೇ ತಿಳಿಸುವ ರೂಢಿ ಮಾಡಿಕೊಂಡರೆ ದಾರಿಯಲ್ಲಿ ತಪಾಸಣೆಯ ತೊಂದರೆ ತಪ್ಪುತ್ತದೆ.

8. ಒಂದು ಉದಾಹರಣೆ

ಪೀಣ್ಯದ ಒಂದು ಕಲ್ಪಿತ ಘಟಕವನ್ನು ತೆಗೆದುಕೊಳ್ಳೋಣ. ಅದರ ಬಳಿ ಸರಕಿನ ಆಟೊ, ಸಣ್ಣ ಲಾರಿ, ಮಾರಾಟ ಪ್ರತಿನಿಧಿಯ ಕಾರು ಹೀಗೆ ಮೂರು ವಾಹನಗಳಿವೆ ಎನ್ನೋಣ.

ಆಟೊ ನಗರದೊಳಗೇ ಓಡುತ್ತದೆ. ಇಲ್ಲಿ ದಟ್ಟಣೆಯ ಮಾಹಿತಿಯೇ ಮುಖ್ಯ. ಎರಡು ತರಂಗಾಂತರದ ರಿಸೀವರ್ ಇರುವ, ಬಿಸಿಲಿನಲ್ಲೂ ಸ್ಪಷ್ಟವಾಗಿ ಕಾಣುವ ಪರದೆಯ ಮೊಬೈಲ್, ಮಳೆಯ ಎರಚಲಿಗೆ ಸಿಗದ ಹಿಡಿಕೆ, ಗಿರಾಕಿಗಳ ಉಳಿಸಿಟ್ಟ ಸ್ಥಾನಗಳು ಇಷ್ಟು ಸಾಕು.

ಲಾರಿ ವಾರಕ್ಕೆ ಎರಡು ಸಲ ನೆಲಮಂಗಲ, ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಹೋಗುತ್ತದೆ. ದಾರಿ ಚಾಲಕನಿಗೆ ಗೊತ್ತು. ಆದರೂ ಪಥದರ್ಶಕ ಬೇಕು, ಏಕೆಂದರೆ ಶಿರಾಡಿ ಮುಚ್ಚಿದ ದಿನ ಅನುಭವ ಸಾಲದು. ಇಲ್ಲಿ ಜಾಲವಿಲ್ಲದೆ ನಡೆಯುವ ನಕ್ಷೆ, 12–24 ವೋಲ್ಟ್ ಚಾರ್ಜರ್ ಅಗತ್ಯ. ಪರ್ಯಾಯ ದಾರಿಯನ್ನು ಚಾಲಕ ತಾನೇ ಹುಡುಕಬಾರದು. ಲಾರಿಗೆ ಅನುಮತಿಯಿದೆಯೇ ಎಂದು ಕಚೇರಿಯವರು ವಿಚಾರಿಸಿ ಹಾಸನದಲ್ಲಿಯೇ ತಿಳಿಸಬೇಕು. ಘಾಟಿಯ ಬಾಯಿಗೆ ಬಂದ ಮೇಲೆ ಹಿಂದಿರುಗುವುದು ದುಬಾರಿ.

ಪ್ರತಿನಿಧಿಯ ಕಾರು ದಿನಕ್ಕೊಂದು ಊರಿಗೆ ಹೋಗುತ್ತದೆ. ಕಾರಿನ ಪರದೆಯಲ್ಲಿ ಮೂಡುವ ಮೊಬೈಲ್ ನಕ್ಷೆಯೇ ಸೂಕ್ತ. ಹೊಸ ಸಾಧನವೇ ಬೇಕಿಲ್ಲ.

ಒಂದೇ ಮಾಲೀಕರ ಮೂರು ವಾಹನಗಳಿಗೆ ಮೂರು ಬಗೆಯ ಉತ್ತರ ದೊರೆತುದನ್ನು ಓದುಗರು ಗಮನಿಸಿರಬಹುದು. ಅಂಗಡಿಯಲ್ಲಿ ಸಗಟಾಗಿ ಮೂರು ಸಾಧನಗಳನ್ನು ಕೊಂಡಿದ್ದರೆ ಈ ಭೇದ ಹೊಳೆಯುತ್ತಲೇ ಇರಲಿಲ್ಲ.

9. ಖರೀದಿಗೆ ಮುನ್ನ ಪರೀಕ್ಷೆ

(1) ಕಳೆದ ತಿಂಗಳ ಚಲನ್‌ಗಳಿಂದ ಹೆಚ್ಚು ಬಳಸಿದ ಹತ್ತು ದಾರಿಗಳನ್ನು ಪಟ್ಟಿ ಮಾಡಿ. (2) ಎರಡು ತಂತ್ರಾಂಶಗಳಲ್ಲಿ ಅವೇ ದಾರಿಗಳನ್ನು ಹಾಕಿ, ಅವು ತೋರಿಸುವ ದೂರವನ್ನೂ ವೇಳೆಯನ್ನೂ ಬರೆದುಕೊಳ್ಳಿ. (3) ಅನುಭವಿ ಚಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆತ ಎಲ್ಲಿ ಒಪ್ಪುವುದಿಲ್ಲ, ಏಕೆ ಒಪ್ಪುವುದಿಲ್ಲ ಎಂದು ಕೇಳಿ. (4) ಒಂದು ವಾರ ವಾಹನದಲ್ಲಿ ಬಳಸಿ, ವಾಸ್ತವವಾಗಿ ಓಡಿದ ಕಿಲೋಮೀಟರನ್ನು ಹೋಲಿಸಿ. (5) ಒಂದು ದಿನ ಮೊಬೈಲಿನ ಡೇಟಾ ಸಂಪರ್ಕವನ್ನು ಆರಿಸಿ ಪ್ರಯೋಗಿಸಿ. (6) ಆ ಬಳಿಕವೇ ಸಾಧನದ ಬೆಲೆಯನ್ನು ವಿಚಾರಿಸಿ.

ಈ ಆರರಲ್ಲಿ ಮೂರನೆಯದನ್ನು ಬಿಡಬಾರದು. ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದ ಚಾಲಕನಿಗೆ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಯಾವ ಸಂತೆಯ ದಿನ ಯಾವ ಊರಿನ ರಸ್ತೆ ಕಟ್ಟುತ್ತದೆ ಎಂಬುದು ತಿಳಿದಿರುತ್ತದೆ. ಆ ತಿಳಿವಳಿಕೆಯನ್ನು ಗಿರಾಕಿಗಳ ಸ್ಥಾನದ ಪಟ್ಟಿಯೊಡನೆ ಬರೆದಿಟ್ಟುಕೊಂಡರೆ, ಹೊಸದಾಗಿ ಸೇರಿದ ಚಾಲಕನೂ ಮೊದಲ ದಿನದಿಂದಲೇ ಅದರ ಪ್ರಯೋಜನ ಪಡೆಯುತ್ತಾನೆ. ಹತ್ತು ದಾರಿಗಳ ಪಟ್ಟಿಗೆ ಯಾವ ಖರ್ಚೂ ಇಲ್ಲ. ಈ ತಿಂಗಳಿನಲ್ಲಿಯೇ ಸದಸ್ಯರು ಅದನ್ನು ಆರಂಭಿಸಬಹುದು.